ಗಿವ್, ಗೇವ್, ಗಿವನ್

ಬಿಂಡಿಗನವಿಲೆಯ ಹತ್ತಿರದ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಊಟದ ನಂತರದ ಪೀರಿಯಡ್ಡು ಎಂದರೆ ಅರ್ಧ ಪಾಠ, ಅರ್ಧ ಜೋಂಪು. ಬಯಲಿನಿಂದ ಕುರಿಗಳ ಕೂಗು ತೇಲಿ ಬರುತ್ತದೆ, ಮಕ್ಕಳ ಕಣ್ಣು ಎಳೆಯುತ್ತದೆ, ನನ್ನದೂ ಎಳೆಯುತ್ತದೆ, ಸುಳ್ಳೇಕೆ ಹೇಳಲಿ. ಅಂಥದೊಂದು ಮಧ್ಯಾಹ್ನ ಬೋರ್ಡಿನ ಮೇಲೆ 'ಗಿವ್, ಗೇವ್, ಗಿವನ್' ಎಂದು ಬರೆದು, ಗಿವ್ ಎಂದರೆ ಕೊಡು ಎಂದು ಹೇಳಿ, ಒಂದೊಂದು ವಾಕ್ಯ ಮಾಡಲು ಬಿಟ್ಟೆ.

ಹೆಚ್ಚಿನವರು ಪೆನ್ನು ಕೊಟ್ಟರು, ಚಾಕಲೇಟು ಕೊಟ್ಟರು. ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಮಾತ್ರ, ನಮ್ಮಪ್ಪ ನಮ್ಮಕ್ಕನನ್ನು ದೇವಲಾಪುರಕ್ಕೆ ಕೊಟ್ಟ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ನಮ್ಮ ಕಡೆಯ ಮಾತೇ ಹಾಗೆ. ಹೆಣ್ಣನ್ನು ಒಂದು ಊರಿಗೆ ಕೊಡುತ್ತಾರೆ. ನಾನು ಕೆಂಪು ಪೆನ್ನಿನಲ್ಲಿ ಗೀಟು ಎಳೆದೆ.

"ಇಂಗ್ಲಿಷಲ್ಲಿ ಮನುಷ್ಯರನ್ನ ಹಾಗೆ ಕೊಡಲ್ಲಮ್ಮ. ಗಾಟ್ ಮ್ಯಾರೀಡ್ ಅಂತ ಬರಿ. ಅಕ್ಕ ಮದುವೆಯಾದಳು, ಅಷ್ಟೆ."

ಹುಡುಗಿ ಪುಸ್ತಕ ತೆಗೆದುಕೊಳ್ಳದೆ ನಿಂತಳು. "ಕೊಟ್ಟವ್ರೆ ಅಂದ್ರೆ ಕೊಟ್ಟೋರು ಒಬ್ರು ಇರ್ತಾರೆ ಮಿಸ್. ನಾಳೆ ಏನಾರ ಆದ್ರೆ ಅವ್ರನ್ನ ಕೇಳ್ಬೋದು. ಮದ್ವೆ ಆದ್ಲು ಅಂದ್ಬುಟ್ರೆ ಯಾರ್ನ ಕೇಳದು?"

ತಲೆಹರಟೆ ಎನ್ನಿಸಿ, ಹೋಗಿ ಕೂತುಕೋ ಎಂದು ಗದರಿದೆ. ಆದರೆ ಸಂಜೆ ಕೆ.ಆರ್. ಪೇಟೆಯ ಬಸ್ಸಿನಲ್ಲಿ ತೂಕಡಿಸುತ್ತಿದ್ದಾಗ ಆ ಮಾತು ಕಿವಿಯಲ್ಲೇ ಇತ್ತು. ತೂಕಡಿಕೆಯಲ್ಲಿ ಆ ಬಸ್ಸು ಹೋಗಿ ಎಷ್ಟೋ ವರ್ಷಗಳ ಹಿಂದಿನ ಇನ್ನೊಂದು ಬಸ್ಸಾಯಿತು.

ನಾನೂ ಕಂಡವರಿಗೆಲ್ಲ ಗಾಟ್ ಮ್ಯಾರೀಡ್ ಎಂದೇ ಹೇಳಿಕೊಂಡು ಬಂದವಳು. ನಿಜವಾಗಿ ನನ್ನನ್ನು ಕ್ಯಾತನಹಳ್ಳಿಯಿಂದ ಕೆ.ಆರ್. ಪೇಟೆಗೆ ಕೊಟ್ಟರು. ಆ ಮನೆಯಲ್ಲಿ ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ, ಮಾತೂ ಆಡಲಿಲ್ಲ. ನೀರು ಬೇಕಾದರೆ ಲೋಟ ಕುಟ್ಟುತ್ತಿದ್ದರು. ಮೂರು ತಿಂಗಳಿಗೆ ನನಗೆ ನನ್ನ ಹೆಸರೇ ಮರೆತಂತಾಗಿ, ಒಂದು ದಿನ ಯಾರಿಗೂ ಹೇಳದೆ ತವರಿಗೆ ಬಂದುಬಿಟ್ಟೆ.

ಅಪ್ಪ ಅಕ್ಕಸಾಲಿ. ಕೆಂಡದ ಮುಂದೆ ಕೂತು ಊದುಗೊಳವೆ ಊದುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ತಲೆ ಎತ್ತದೆ, "ಕೊಟ್ಬುಟ್ಟಿವ್ನಿ ಕಣವ್ವ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂದರು. ಅಂದೇ ನಾಲ್ಕು ಗಂಟೆಯ ಬಸ್ಸು ಹತ್ತಿಸಿದರು. ದಾರಿಯುದ್ದಕ್ಕೂ ಕಬ್ಬು ಹೂ ಬಿಟ್ಟಿತ್ತು. ಇಳಿಬಿಸಿಲಿನಲ್ಲಿ ಆ ಬಿಳಿ ಗರಿಗಳು ಒಟ್ಟಿಗೆ ಬಾಗುವುದನ್ನು ನೋಡುತ್ತಾ ಕೂತಿದ್ದೆ. ಅಳು ಬರಲಿಲ್ಲ. ಇದೆಲ್ಲ ಇನ್ಯಾರಿಗೋ ಆಗುತ್ತಿದೆ ಎಂಬಂತಿತ್ತು.

ಆಮೇಲೆ ಹೊಂದಿಕೊಂಡೆ. ಬಿ.ಎಡ್. ಮಾಡಿದೆ, ಕೆಲಸ ಸಿಕ್ಕಿತು, ಆ ಮನೆಯೂ ಅಷ್ಟಿಷ್ಟು ಮಾತು ಕಲಿಯಿತು. ಹಬ್ಬಕ್ಕೆ ತವರಿಗೆ ಹೋಗಿ ಒಬ್ಬಟ್ಟು ತಿಂದು ಬರುತ್ತಿದ್ದೆ. ಆದರೆ ಅಪ್ಪನ ಮೇಲಿನ ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ.

ಆ ಹುಡುಗಿಯನ್ನು ಗದರಿದ ಸಂಜೆ ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಫೋನ್ ಮಾಡಿದೆ.

"ಅಪ್ಪ, ನನ್ನ ಕೊಟ್ಟಿದ್ದು ಯಾರು?"

ಅವರಿಗೆ ಎಂಬತ್ತರ ಹತ್ತಿರ. ಕಿವಿ ಮಂದ. ಆದರೂ ನಾನು ಎರಡನೇ ಸಲ ಕೇಳಬೇಕಾಗಲಿಲ್ಲ.

"ನಾನೇ ಕಣವ್ವ. ಒಡವೆ ಆಗಿದ್ರೆ, ಸರಿಯಿಲ್ಲ ಅಂದೋರ್ ತಾವ ವಾಪಸ್ ಈಸ್ಕೊಂಡು ಕರಗ್ಸಿ ಮಾಡ್ಕೊಡ್ತಿದ್ದೆ. ಮಗಳ್ನ ಎಂಗ್ ವಾಪಸ್ ಈಸ್ಕಳದು ಅಂತ ನಂಗ್ ಗೊತ್ತಿರ್ನಿಲ್ಲ. ಆವತ್ತು ನಿನ್ನ ಬಸ್ ಹತ್ಸಿ, ಕಡೇ ಬಸ್ ಬರೋಗಂಟ ಅಲ್ಲೇ ಕೂತಿದ್ದೆ. ಎಲ್ಲಾದ್ರೂ ಇಳ್ಕಂಡು ವಾಪಸ್ ಬತ್ತೀಯೇನೋ ಅಂತ."

"ಇಷ್ಟು ವರ್ಷ ಯಾಕಪ್ಪ ಹೇಳಲಿಲ್ಲ?" ಎಂದೆ.

"ನೀನು ಕೇಳ್ನಿಲ್ವಲ್ಲವ್ವ" ಎಂದರು.