ಮೂರು ಕೊಟೇಶನ್, ಒಂದೇ ಮಾತು

ಯುರೋಪಿನ ಸರ್ಕಾರಿ ಟೆಂಡರುಗಳ ಕಾನೂನು ನನ್ನ ಹೊಟ್ಟೆಪಾಡು. ಹುಣಸೂರಿನ ಕೋರ್ಟಿನಲ್ಲಿ ಜಮೀನಿನ ವ್ಯಾಜ್ಯ ನಡೆಸಿ ಸಾಕಾದ ಮೇಲೆ, ಯುರೋಪಿನ ವಕೀಲರ ಕಚೇರಿಯೊಂದಕ್ಕೆ ಮನೆಯಿಂದಲೇ ಕಡತ ಓದಿ ಅಭಿಪ್ರಾಯ ಬರೆದುಕೊಡುವ ಕೆಲಸ ಹಿಡಿದೆ. ನಾನು ಕಾಣದ ಊರಿನ ಶಾಲೆಗೆ ಯಾರು ಊಟ ಒದಗಿಸಬೇಕು, ಕಾಣದ ಆಸ್ಪತ್ರೆಯ ನೆಲ ಯಾರು ಒರೆಸಬೇಕು ಎಂಬ ಜಗಳಗಳು. ಬೆಳಿಗ್ಗೆ ಹಾಲು ಕಾಯಿಸಿ, ಸೊಪ್ಪು ಬಿಡಿಸಿಟ್ಟು, ಊಟದ ಮೇಜಿನ ತುದಿಯಲ್ಲೇ ಕಂಪ್ಯೂಟರ್ ತೆರೆಯುತ್ತೇನೆ. ಸಂಜೆಯ ಹೊತ್ತಿಗೆ ಕಣ್ಣಿಗೆ ಮರಳು ಬಿದ್ದಂತಾಗಿರುತ್ತದೆ.

ಆ ವಾರದ ಕಡತದಲ್ಲಿ ಎರಡು ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಬೆಲೆ ಬರೆದಿದ್ದವು. ಈ ಸಲ ನಿನಗೆ, ಮುಂದಿನ ಸಲ ನನಗೆ ಎಂಬ ಒಪ್ಪಂದ. ಅಂಥವರನ್ನು ಟೆಂಡರಿನಿಂದ ಹೊರಗಿಡಬಹುದು ಎಂದು ಬರೆಯುತ್ತಿದ್ದಾಗ, ಅಡುಗೆ ಮಾಡಿ ಬದುಕುವ ಪಕ್ಕದ ಮನೆಯವಳು ಬಂದಳು. ಜೊತೆಗೆ ಇನ್ನಿಬ್ಬರು: ಬಸ್ ಸ್ಟ್ಯಾಂಡ್ ಹತ್ತಿರ ಮೆಸ್ ನಡೆಸುವ ಅಜ್ಜಿ, ಮದುವೆ ಅಡುಗೆ ಹಿಡಿಯುವ ಒಬ್ಬ ಮಾತುಗಾತಿ.

ಊರಿನ ತರಬೇತಿ ಕೇಂದ್ರವೊಂದು ಮಧ್ಯಾಹ್ನದ ಊಟಕ್ಕೆ ಕೊಟೇಶನ್ ಕರೆದಿತ್ತು. ಮೂರು ಬಂದರೆ ಮಾತ್ರ ತೆರೆಯುತ್ತಾರೆ, ಕಡಿಮೆ ಬರೆದವರಿಗೆ ಕೆಲಸ.

“ಮೂರೂ ನೀವೇ ಬರ್ಕೊಡಿ ಲಾಯರಮ್ಮ,” ಎಂದರು ಅಜ್ಜಿ. “ಇವಳ್ದು ಕಮ್ಮಿ ಹಾಕಿ, ನಮ್ಮಿಬ್ರುದು ವಸಿ ಜಾಸ್ತಿ ಹಾಕಿ. ಓದ ಸಲ ನಂದಾಗಿತ್ತು, ಈ ಸಲ ಇವಳ್ದಾಗ್ಲಿ.”

ಪಕ್ಕದ ಮನೆಯವಳ ಗಂಡ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯಲ್ಲಿ ಅಟ್ಟದ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಅವನನ್ನು ಬಿಟ್ಟು ಅವಳು ದೂರದ ಅಡುಗೆಗೆ ಹೋಗುವಂತಿರಲಿಲ್ಲ. ಇದಾದರೆ ಮನೆಯಲ್ಲೇ ಬೇಯಿಸಿ ಕಳಿಸಬಹುದಿತ್ತು.

“ಹೀಗೆ ಮಾಡೋದು ತಪ್ಪು ಕಣಜ್ಜಿ,” ಎಂದೆ.

“ಯಾರ ಮನೆ ಬೀಗ ಒಡದ್ವಿ ಅಂತ ತಪ್ಪು?” ಮಾತುಗಾತಿ ಸೊಂಟಕ್ಕೆ ಕೈಯಿಟ್ಟಳು. “ಅವರು ಮೂರು ಕೇಳವ್ರೆ, ಮೂರು ಕೊಡ್ತೀವಿ. ಇವಳ ತಟ್ಟೆಗೆ ಕೈ ಹಾಕಿ ನಾವು ತಿನ್ನಕಾಯ್ತದಾ?”

“ನಾಳೆ ಹೊಸಬಳು ಒಬ್ಬಳು ಬಂದರೆ? ಅವಳಿಗೆ ಎಲ್ಲಿ ಜಾಗ?”

“ಅವಳೂ ಪಾಳಿಗೆ ನಿಲ್ಲಲಿ ಬುಡಿ, ಯಾರು ಬ್ಯಾಡ ಅಂದೋರು?” ಎಂದರು ಅಜ್ಜಿ. ನನಗೂ ನಗು ಬಂತು.

ಮೂವರೂ ಸೇರಿ ಮುಚ್ಚುಮರೆಯಿಲ್ಲದೆ ಒಂದೇ ಕೊಟೇಶನ್ ಕೊಡಿ ಎಂದೆ. ನಾನು ಓದುವ ಕಾನೂನಿನಲ್ಲಿ ಅದಕ್ಕೆ ಜಾಗವಿದೆ; ಕೂಡಿ ಮಾಡುವುದು ತಪ್ಪಲ್ಲ, ಬೇರೆ ಬೇರೆ ಎಂದು ನಟಿಸುವುದು ತಪ್ಪು.

ಪಕ್ಕದ ಮನೆಯವಳು ಒಂದೇ ಮಾತು ಕೇಳಿದಳು. “ಅಂಗೆ ಕೊಟ್ರೆ ಕೆಲಸ ಸಿಗ್ತದಾ ಅಕ್ಕ?”

“ಗೊತ್ತಿಲ್ಲಮ್ಮ.”

ಆದರೂ ನನ್ನ ಮಾತು ಕೇಳಿದರು. ಒಂದನ್ನೇ ಬರೆದುಕೊಟ್ಟೆ. ಬಂದಿರುವುದು ಒಂದೇ ಎಂದು ಕೇಂದ್ರದವರು ಅದನ್ನು ತೆರೆಯದೆ ಮತ್ತೆ ಕೊಟೇಶನ್ ಕರೆದರು. ಎರಡನೇ ಸಲ ಇವರ ಜೊತೆ ಮೈಸೂರಿನ ದೊಡ್ಡ ಕೇಟರಿಂಗ್‌ನವನೂ ಇನ್ನೊಬ್ಬನೂ ಬಂದರು. ಮೈಸೂರಿನವನದು ಎಲ್ಲರಿಗಿಂತ ಕಡಿಮೆ. ಈಗ ದಿನಾ ಅವನ ವ್ಯಾನು ನಮ್ಮ ಬೀದಿಯಲ್ಲೇ ಹೋಗುತ್ತದೆ.

ಮೂವರಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ನಾಳೆ ಕೇಳಿದರೂ ನಾನು ಅದನ್ನೇ ಹೇಳುತ್ತೇನೆ. ಹೇಳುವ ಉತ್ಸಾಹ ಮಾತ್ರ ಇಲ್ಲ.

ಪಕ್ಕದ ಮನೆಯವಳು ಈಗ ಮಾತುಗಾತಿಯ ಜೊತೆ ಪಿರಿಯಾಪಟ್ಟಣ, ಕೆ.ಆರ್. ನಗರ ಎಂದು ಮದುವೆ ಅಡುಗೆಗೆ ಹೋಗುತ್ತಾಳೆ. ಅವಳಿಲ್ಲದ ದಿನ ನಾನು ಕಡತ ಮುಚ್ಚಿಟ್ಟು ಹೋಗಿ ಅವಳ ಗಂಡನಿಗೆ ಮುದ್ದೆ, ಸಾರು ಕೊಟ್ಟು, ಬೆನ್ನಿಗೆ ದಿಂಬು ಸರಿಮಾಡಿ ಬರುತ್ತೇನೆ. ಮೊನ್ನೆ ಹೊರಡುವಾಗ ಕೇಳಿದ:

“ಇವಳು ಬರೋದು ಕತ್ಲಾಯ್ತದಾ ಲಾಯರಮ್ಮ?”

“ಆಗಬಹುದು ಕಣಪ್ಪ.”

“ಅಂಗಾರೆ ಬಾಗ್ಲು ತೆಗೆದೇ ಇರ್ಲಿ. ಬೀದೀಲಿ ಓಗೋ ಬರೋ ಜನನಾದ್ರೂ ಕಾಣ್ಲಿ.”