ಸೊಪ್ಪು ಕಟ್ಟುವಾಗ ಕೇಳಿದ ಅಧ್ಯಾಯ

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ನಮ್ಮತ್ತೆ ಕೆರೆ ಏರಿಯ ಹುಣಸೆಮರದಲ್ಲಿ ಏನೋ ಇದೆ ಎಂದು ಶುರು ಮಾಡಿದರೆ, ಆ ಮರದ ಹಣ್ಣನ್ನೇ ಅಲ್ಲವೇ ದಿನಾ ಸಾರಿಗೆ ಹಿಂಡುವುದು ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಯಾರದೋ ಮೈಮೇಲೆ ಬಂತು, ಯಾರಿಗೋ ಕನಸಲ್ಲಿ ಹೇಳಿತು ಎಂದರೆ ನನಗೆ ನಗು ಬರುತ್ತಿತ್ತು, ಈಗಲೂ ಬರುತ್ತದೆ. ಹಾಗಾಗಿ ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನೀವು ನಕ್ಕಿರಿ ಅಂತ ನಾನು ಮಾತು ಬದಲಾಯಿಸುವುದಿಲ್ಲ, ಅಷ್ಟೇ.

ಹುಣಸೂರಿನ ಕಾಲೇಜಿನಲ್ಲಿ ಬಿ.ಎ. ಓದುವಾಗ ನಾನು ಕಾದಂಬರಿಯ ಹುಚ್ಚಿ. ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಪುಸ್ತಕ. ಮದುವೆಯಾಗಿ ಗಾವಡಗೆರೆ ಪಕ್ಕದ ಈ ಊರಿಗೆ ಬಂದ ಮೇಲೆ ಅದೆಲ್ಲ ನಿಂತುಹೋಯಿತು. ಬೆಳಿಗ್ಗೆ ಎದ್ದರೆ ಹಸು, ಡೇರಿಗೆ ಹಾಲು, ಮಕ್ಕಳ ಸ್ಕೂಲ್ ವ್ಯಾನು, ಆಮೇಲೆ ಹೊಲ. ರಾತ್ರಿ ಪುಸ್ತಕ ಬಿಡಿಸಿದರೆ ಎರಡನೇ ಪುಟಕ್ಕೆ ಕಣ್ಣು ಮುಚ್ಚುತ್ತಿತ್ತು. ಫೋನಿನಲ್ಲಿ ಪುಸ್ತಕ ಓದಿ ಹೇಳುತ್ತಾರೆ ಎಂದು ಗೊತ್ತಾದ ದಿನ ನನಗೆ ಹೋದ ಜೀವ ಬಂದಂತಾಯಿತು. ಹಾಲು ಕರೆಯುವಾಗ ಒಂದು ಅಧ್ಯಾಯ, ಪಾತ್ರೆ ತೊಳೆಯುವಾಗ ಅರ್ಧ. ಅದುವರೆಗೆ ವರ್ಷಕ್ಕೊಂದು ಪುಸ್ತಕ ಮುಗಿಸಲಾರದವಳು ತಿಂಗಳಿಗೆ ಎರಡು ಮೂರು ಮುಗಿಸತೊಡಗಿದೆ.

ಕೆ.ಆರ್. ನಗರದಲ್ಲಿ ಲೆಕ್ಚರರ್ ಆಗಿರುವ ನನ್ನ ಅಣ್ಣನಿಗೆ ಇದು ಸೇರಲಿಲ್ಲ. ಅದು ಓದಲ್ಲ, ರೇಡಿಯೋ ಕೇಳಿದ ಹಾಗೆ, ಓದು ಅಂದರೆ ಕೂತು ಓದಬೇಕು ಎಂದ. ಅವನು ಕೂರುತ್ತಾನೆ, ಅತ್ತಿಗೆ ಕಾಫಿ ತಂದು ಕೊಡುತ್ತಾಳೆ. ನನಗೆ ಯಾರು ತಂದು ಕೊಡುತ್ತಾರೆ? ಅಕ್ಷರ ಬಾರದ ನಮ್ಮ ಅಜ್ಜಿ ಪುರಾಣ ಓದಿಸಿ ಕೇಳಿಯೇ ಇಡೀ ಕಥೆ ಬಾಯಿಪಾಠ ಹೇಳುತ್ತಿದ್ದಳು. ಆಕೆಗಿಂತ ನೀನು ಹೆಚ್ಚು ಓದಿದ್ದೀಯಾ ಎಂದು ಕೇಳಿದೆ.

ನಮ್ಮ ಕಡೆ ಹೊಗೆಸೊಪ್ಪೇ ಬದುಕು. ಸೊಪ್ಪು ಮುರಿದ ದಿನವೇ ಅದನ್ನು ಕಡ್ಡಿಗೆ ಕಟ್ಟಿ, ಸಂಜೆಯೊಳಗೆ ಬ್ಯಾರನ್ ಎಂಬ ಬೇಯಿಸುವ ಮನೆಗೆ ಏರಿಸಿ ಬೆಂಕಿ ಹಾಕಬೇಕು. ಒಬ್ಬರ ಮನೆಯವರಿಂದ ಆಗುವ ಕೆಲಸವಲ್ಲ. ಅದಕ್ಕೇ ಮುಯ್ಯಾಳು ಪದ್ಧತಿ: ಇವತ್ತು ನಿಮ್ಮ ಬ್ಯಾರನ್ನಿಗೆ ನಾನು ಬಂದರೆ, ನಾಳೆ ನಮ್ಮದಕ್ಕೆ ನೀವು. ಚಪ್ಪರದ ಕೆಳಗೆ ಏಳೆಂಟು ಹೆಂಗಸರು ಸಾಲಾಗಿ ಕೂತು ಕಟ್ಟುತ್ತಾ ಹೋದರೆ ಕೈಗೆ ಕಪ್ಪು ಅಂಟು ಮೆತ್ತಿಕೊಳ್ಳುತ್ತದೆ. ನಿಂಬೆಹಣ್ಣು ಉಜ್ಜಿ ತಿಕ್ಕಿದರೂ ಸರಿಯಾಗಿ ಹೋಗದು. ಕಟ್ಟಲು ಕೂತ ಮೇಲೆ ಊಟದ ತನಕ ಯಾರೂ ಮುಖ ಕೂಡ ಮುಟ್ಟಿಕೊಳ್ಳುವುದಿಲ್ಲ.

ಮೊದಲೆಲ್ಲ ನಾನೊಬ್ಬಳೇ ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಿದ್ದೆ. ನೀನೊಬ್ಳೇ ನಗ್ತಾ ಕೂತ್ರೆ ನಮಗೇನು ಬಂತು ಎಂದು ಉಳಿದವರು ತಗಾದೆ ತೆಗೆದರು. ಅಂದಿನಿಂದ ಒಂದು ಸಣ್ಣ ಸ್ಪೀಕರ್ ಇಟ್ಟು, ಫೋನನ್ನು ಚೀಲಕ್ಕೆ ಹಾಕಿ ಚಪ್ಪರದ ಕಂಬಕ್ಕೆ ನೇತುಹಾಕುವುದು ರೂಢಿಯಾಯಿತು. ಹೊಲದಲ್ಲಿ ಸಿಗ್ನಲ್ ಸಿಗದ ಕಾರಣ ಪುಸ್ತಕವನ್ನು ಮನೆಯಲ್ಲೇ ಪೂರ್ತಿ ಇಳಿಸಿಕೊಂಡು ಹೋಗುತ್ತಿದ್ದೆ. ಅಂಟುಗೈಯವರು ಫೋನ್ ಮುಟ್ಟುವಂತಿರಲಿಲ್ಲ, ಅಧ್ಯಾಯದ ಮೇಲೆ ಅಧ್ಯಾಯ ತಾನೇ ಓಡುತ್ತಿತ್ತು. ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ.

ನಮ್ಮ ಜೊತೆ ಕಟ್ಟುತ್ತಿದ್ದವಳು ಜಯಮ್ಮ. ಮಾತು ಕಡಿಮೆ, ಕೈ ಚುರುಕು. ಆ ವರ್ಷ ಬೇಸಿಗೆಯಲ್ಲಿ ಅವಳ ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು ಹೈಸ್ಕೂಲಿನಲ್ಲಿದ್ದಳು. ಬ್ಯಾರನ್ ಲೈಸೆನ್ಸು ಗಂಡನ ಹೆಸರಿನಲ್ಲಿತ್ತು. ಲೈಸೆನ್ಸು ಇಲ್ಲದೆ ಬೆಳೆದ ಸೊಪ್ಪನ್ನು ಹರಾಜಿನಲ್ಲಿ ಮಾರುವ ಹಾಗಿಲ್ಲ, ಅದು ಹೋದರೆ ಜಮೀನಿದ್ದೂ ಇಲ್ಲದಂತೆ. ಜಯಮ್ಮನ ಭಾವ, ಅಂದರೆ ಗಂಡನ ಅಣ್ಣ, ರಾಜಪ್ಪ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವುದು, ಅವಳು ಮಗಳನ್ನು ಕರೆದುಕೊಂಡು ಸಾಲಿಗ್ರಾಮದ ತವರಿಗೆ ಹೋಗುವುದು ಎಂದು ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ್ದರು. ಭಾನುವಾರ ಲಗೇಜ್ ಆಟೋ ತರುತ್ತೇನೆ ಎಂದು ರಾಜಪ್ಪ ಹೇಳಿಯೂ ಆಗಿತ್ತು. ಜಯಮ್ಮ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ನಮಗೆಲ್ಲ ಇದು ಅನ್ಯಾಯ ಅನಿಸುತ್ತಿತ್ತು, ಆದರೆ ಬೇರೆ ಮನೆಯ ವಿಷಯ ಎಂದು ಸುಮ್ಮನಿದ್ದೆವು.

ಆಗ ಓಡುತ್ತಿದ್ದ ಕಾದಂಬರಿಯಲ್ಲೂ ಗಂಡ ಸತ್ತ ಹೆಂಗಸೊಬ್ಬಳಿದ್ದಳು. ಬೇಕೆಂದೇ ನಾನು ಅದನ್ನು ಹಾಕಿದೆ ಎಂದು ಆಮೇಲೆ ಆಡಿಕೊಂಡರು. ಇಲ್ಲ. ಅದು ಉದ್ದವಾಗಿದೆ, ಸೊಪ್ಪಿನ ಕೆಲಸ ಮುಗಿಯುವ ತನಕ ಬರುತ್ತದೆ ಅಂತಷ್ಟೇ ಆರಿಸಿದ್ದು. ಪುಸ್ತಕದ ಹೆಸರು ಹೇಳುವುದಿಲ್ಲ. ಬರೆದವರಿಗೂ ಓದಿದವರಿಗೂ ಇದರಲ್ಲಿ ಏನೂ ಪಾತ್ರವಿಲ್ಲ ಎಂದೇ ನನ್ನ ಭಾವನೆ.

ಭಾನುವಾರಕ್ಕೆ ಮುಂಚಿನ ಶುಕ್ರವಾರ ನಮ್ಮ ಮನೆಯ ಸೊಪ್ಪು ಕಟ್ಟುವ ಸರದಿ. ಬಿಸಿಲು ಚೆನ್ನಾಗಿತ್ತು, ಎಲ್ಲರೂ ಎಚ್ಚರವಾಗಿದ್ದೆವು, ನಗುತ್ತಾ ಕೆಲಸ ಮಾಡುತ್ತಿದ್ದೆವು. ಕಥೆಯ ಹೆಂಗಸನ್ನು ತವರಿಗೆ ಕಳಿಸಬೇಕೆಂದು ಅವಳ ಮೈದುನರು ಗಾಡಿ ಕಟ್ಟುವಲ್ಲಿಗೆ ಒಂದು ಅಧ್ಯಾಯ ಮುಗಿಯಿತು. ಮುಂದಿನದು ಶುರುವಾಯಿತು. ಅದೇ ದನಿ, ಅದೇ ನಿಧಾನ. ಮೈದುನರು ಅವಳ ಪೆಟ್ಟಿಗೆಯನ್ನು ಗಾಡಿಗೆ ಏರಿಸುತ್ತಾರೆ. ಅವಳು ಹಿತ್ತಿಲಿಗೆ ಹೋಗಿ ಕಾಲು ತೊಳೆದು, ಹಿಂಬಾಗಿಲಿನಿಂದ ಒಳಗೆ ಬಂದು ಒಲೆಗೆ ಬೆಂಕಿ ಹಚ್ಚಿ ಅನ್ನಕ್ಕೆ ಇಡುತ್ತಾಳೆ. ಹೊತ್ತಾಯಿತು ಎಂದು ಮೈದುನ ಕೂಗಿದಾಗ ಆಚೆ ಬಂದು, "ಸತ್ತಿರುವುದು ನನ್ನ ಗಂಡ, ನಾನಲ್ಲ. ಪೆಟ್ಟಿಗೆ ಕೆಳಗಿಳಿಸಿ" ಎನ್ನುತ್ತಾಳೆ. ಆಮೇಲೆ ಸುಮಾರು ಹೊತ್ತು ಅವಳು ಅನ್ನ ಬಸಿಯುವುದು, ತಟ್ಟೆ ಹಾಕುವುದು, ಒಬ್ಬಳೇ ಕೂತು ಉಣ್ಣುವುದು, ಇಷ್ಟೇ ಇತ್ತು.

ಜಯಮ್ಮನ ಕೈ ಮಾತ್ರ ನಿಂತಿತ್ತು, ಅವಳ ಕೈ ನಿಂತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅಷ್ಟರಲ್ಲಿ ಊಟ ಬಂತು. ನಾನು ಕೈ ತಿಕ್ಕಿಕೊಂಡು ಹೋಗಿ ಫೋನ್ ನಿಲ್ಲಿಸಿದೆ. ಮಧ್ಯಾಹ್ನ ಸೊಪ್ಪು ಏರಿಸುವ ಗಡಿಬಿಡಿಯಲ್ಲಿ ಕಥೆ ಮುಂದುವರಿಯಲಿಲ್ಲ.

ಭಾನುವಾರ ರಾಜಪ್ಪ ಆಟೋ ತಂದ. ಹುಡುಗರು ಸಾಮಾನು ಏರಿಸಿದರು. ಬೀದಿಯ ಜನ ನೋಡುತ್ತಾ ನಿಂತಿದ್ದರು, ನಾನೂ ಇದ್ದೆ. ಜಯಮ್ಮ ಬಾಗಿಲಿಗೆ ಬಂದು ನಿಂತು, ಗಟ್ಟಿಯಾಗಿಯೂ ಅಲ್ಲ, ಮೆಲ್ಲಗೂ ಅಲ್ಲ, ಹೇಳಿದಳು.

"ಸತ್ತಿರೋದು ನನ್ ಗಂಡ ಕಣ್ ಭಾವ, ನಾನಲ್ಲ. ಪೆಟ್ಗೆ ಕೆಳಿಕ್ಕಿಳ್ಸಿ."

ಆಟೋದವನು ತನಗೆ ಬೇರೆ ಬಾಡಿಗೆ ಇದೆ ಎಂದು ಗೊಣಗಿ ಸಾಮಾನು ಇಳಿಸಿ ಹೋದ. ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ, ಬಹಳ ಖುಷಿಯಾಗಿತ್ತು.

ಅದರ ಮುಂದಿನ ವಾರ ಇನ್ನೊಬ್ಬರ ಬ್ಯಾರನ್ನಿನ ಹತ್ತಿರ ಕೂತು ಕಥೆ ಹಾಕಿದೆ. ನಿಲ್ಲಿಸಿದ ಕಡೆಯಿಂದ ಅದು ತಾನೇ ಶುರುವಾಗುತ್ತದೆ. ಕಥೆಯ ಹೆಂಗಸು ಆಗಲೇ ತವರಿನಲ್ಲಿದ್ದಳು, ಅಣ್ಣನ ಮನೆಯ ಕೊಟ್ಟಿಗೆ ಗುಡಿಸುತ್ತಿದ್ದಳು. ಇವಳು ಯಾವಾಗ ಹೋದಳು ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ನಾನು ಎದ್ದು ಕೈ ತಿಕ್ಕಿಕೊಂಡು ಹಿಂದಕ್ಕೆ ತಿರುಗಿಸಿದೆ. ಮೈದುನರು ಗಾಡಿ ಕಟ್ಟುತ್ತಾರೆ. ಅಧ್ಯಾಯ ಮುಗಿಯುತ್ತದೆ. ಮರುಕ್ಷಣ ಅವಳು ಅಣ್ಣನ ಮನೆಯಲ್ಲಿ. ನಡುವೆ ಏನೂ ಇಲ್ಲ.

ನಾನು ಬಿಡಲಿಲ್ಲ. ಇಡೀ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಕೇಳಿದೆ. ಅದೇ ದನಿ ಓದಿದ ಬೇರೆ ಪುಸ್ತಕಗಳನ್ನೂ ಕೇಳಿದೆ. ಮೈಸೂರಿನಿಂದ ಅಚ್ಚಿನ ಪುಸ್ತಕ ತರಿಸಿ, ನಿದ್ದೆಗೆಟ್ಟು, ಅಣ್ಣ ಹೇಳುವ ಹಾಗೆ ಕೂತೇ ಓದಿದೆ. ಕಾಲು ತೊಳೆದದ್ದಿಲ್ಲ, ಅನ್ನವಿಲ್ಲ, ಆ ಮಾತೂ ಇಲ್ಲ. ಪುಸ್ತಕದಲ್ಲಿ ಆ ಹೆಂಗಸು ಸುಮ್ಮನೆ ಗಾಡಿ ಹತ್ತಿ ಹೋದವಳು.

ಅಣ್ಣನಿಗೆ ಹೇಳಿದೆ. ನೋಡಿದೆಯಾ, ಕೇಳಿದರೆ ಹೀಗೇ, ಅರ್ಧ ನಿದ್ದೆಯಲ್ಲಿ ಏನೋ ಕಲ್ಪಿಸಿಕೊಂಡಿದ್ದೀಯ ಎಂದ. ಸೊಪ್ಪು ಕಟ್ಟುತ್ತಾ ನಿದ್ದೆ ಮಾಡುವವರನ್ನು ತೋರಿಸು ಎಂದೆ. ಅವನೇ ಊರಿಗೆ ಬಂದು ಒಬ್ಬೊಬ್ಬ ಹೆಂಗಸನ್ನೂ ಬೇರೆ ಬೇರೆಯಾಗಿ ವಿಚಾರಿಸಿದ. ಎಲ್ಲರೂ ಅದನ್ನೇ ಹೇಳಿದರು, ಹಿಂಬಾಗಿಲಿನಿಂದ ಒಳಗೆ ಬಂದದ್ದು ಸಮೇತ. ನೀವೆಲ್ಲ ಜಯಮ್ಮನಿಗಾಗಿ ಬಯಸಿದ್ದನ್ನೇ ಕೇಳಿಸಿಕೊಂಡಿದ್ದೀರಿ ಎಂದು ಕೊನೆಗೆ ಹೇಳಿದ. ಇರಬಹುದು. ಆದರೆ ಅಷ್ಟು ಜನ ಒಂದೇ ಹೊತ್ತಿಗೆ, ಒಂದೇ ಪದಗಳಲ್ಲಿ ಬಯಸುತ್ತಾರೆಯೇ? ಅಣ್ಣ ಬಸ್ಸಿಗೆ ಹೊತ್ತಾಯಿತು ಎಂದು ಎದ್ದ.

ಸುದ್ದಿ ರಾಜಪ್ಪನ ಕಿವಿಗೆ ಬೀಳದೆ ಇರುತ್ತದೆಯೇ? ಒಂದು ದಿನ ನಾವು ಜಯಮ್ಮನ ಬ್ಯಾರನ್ನಿನ ಎದುರೇ ಕಟ್ಟುತ್ತಿದ್ದಾಗ ಊರಿನ ಹಿರಿಯರಿಬ್ಬರನ್ನು ಕರೆದುಕೊಂಡು ಬಂದ. ಆ ಕಥೆ ಹಾಕಮ್ಮ, ಎಲ್ಲರೂ ಕೇಳಲಿ ಎಂದ. ಹಾಕುವುದಿಲ್ಲ ಎನ್ನಬಹುದಿತ್ತು. ಆದರೆ ಹೆದರಿ ಮುಚ್ಚಿಟ್ಟೆವು ಎಂದಾಗುತ್ತದೆ ಎಂದು ಹಾಕಿದೆ. ಹೆಂಗಸು ತವರಿನ ಕೊಟ್ಟಿಗೆ ಗುಡಿಸಿದಳು. ರಾಜಪ್ಪ ಹಿರಿಯರ ಕಡೆ ತಿರುಗಿ, ಇವರೆಲ್ಲ ಸೇರಿ ಇಲ್ಲದ ಕಥೆ ಕಟ್ಟಿ ಇವಳ ತಲೆ ಕೆಡಿಸಿದ್ದಾರೆ, ಈಗಲಾದರೂ ಬುದ್ಧಿ ಹೇಳಿ ಎಂದ. ಹಿರಿಯರು ತಲೆಯಾಡಿಸಿದರು. ಕಥೆಯ ಬಲದಿಂದ ನಿಂತವಳು ಕಥೆಯೇ ಇಲ್ಲವೆಂದರೆ ಬಿದ್ದುಹೋಗುತ್ತಾಳೆ, ಲೈಸೆನ್ಸೂ ಹೋಯಿತು, ಮಗಳ ಸ್ಕೂಲೂ ಹೋಯಿತು ಎಂದುಕೊಂಡೆ.

ಜಯಮ್ಮ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಅವ್ಳು ವೋಗಿದ್ರೆ ವೋಗ್ಲಿ ಬುಡಿ ಭಾವ," ಎಂದಳು. "ನಾನು ಕೇಳಿರೋದ್ನ ನಾನು ಕೇಳಿವ್ನಿ. ನಾನಂತೂ ವೋಗಕಿಲ್ಲ."

ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಇನ್ನೊಬ್ಬರು, ಆಯಮ್ಮ ಒಪ್ಪದೆ ಲೈಸೆನ್ಸು ಹೆಂಗೆ ಬರ್ಸ್ಕಂಡೀಯೆ, ನಡಿ ನಡಿ ಎಂದು ರಾಜಪ್ಪನ ಹೆಗಲು ಹಿಡಿದರು. ಆ ಚಳಿಗಾಲದೊಳಗೆ ಲೈಸೆನ್ಸು ಜಯಮ್ಮನ ಹೆಸರಿಗೆ ಬಂತು. ಮಗಳು ಈಗ ಹುಣಸೂರಿಗೆ ಕಾಲೇಜಿಗೆ ಹೋಗುತ್ತಾಳೆ.

ಇದಕ್ಕೆ ನನ್ನ ಹತ್ತಿರ ವಿವರಣೆ ಇಲ್ಲ. ಫೋನ್ ಕೆಟ್ಟಿರಲಿಲ್ಲ, ನಾವು ಮಲಗಿರಲಿಲ್ಲ, ಸಿಗ್ನಲ್ ಇರಲಿಲ್ಲ. ದೇವರು ದೆವ್ವ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಭ್ರಮೆ ಎನ್ನುವವರ ಮಾತನ್ನೂ ಒಪ್ಪುವುದಿಲ್ಲ. ಕೇಳಿದ್ದನ್ನು ಕೇಳಿದೆವು.

ಈಗಲೂ ಪ್ರತಿ ವರ್ಷ ಜಯಮ್ಮನ ಬ್ಯಾರನ್ನಿಗೆ ಮುಯ್ಯಾಳಾಗಿ ಹೋದಾಗ ಅವಳು ಆ ಕಾದಂಬರಿಯನ್ನೇ ಹಾಕಿಸುತ್ತಾಳೆ. ಮೈದುನರು ಗಾಡಿ ಕಟ್ಟುವ ಜಾಗ ಬಂದಾಗ ಎಲ್ಲರ ಕೈಯೂ ನಿಧಾನವಾಗುತ್ತದೆ. ಒಂದು ಉಸಿರಿನಷ್ಟು ಬಿಡುವು. ಆಮೇಲೆ ಅಣ್ಣನ ಮನೆ, ಕೊಟ್ಟಿಗೆ, ಪೊರಕೆ.

"ಪಾಪ, ಈ ವರ್ಸಾನೂ ವೊಂಟೋದ್ಲು ಕಣಕ್ಕ," ಎಂದು ಜಯಮ್ಮ ಇನ್ನೊಂದು ಕಡ್ಡಿ ಎಳೆದುಕೊಳ್ಳುತ್ತಾಳೆ.