ಅವ್ವ ಕುಂಕುಮ ಇಟ್ಟುಕೊಳ್ಳುತ್ತಿದ್ದ ವೀಲ್ ಕ್ಯಾಪ್

ನಿನ್ನೆ ಫೋರ್ಟ್ ಬಡಾವಣೆಯಲ್ಲಿ ಹಳೆಯ ಕಾರುಗಳನ್ನು ಪ್ರದರ್ಶನಕ್ಕೆ ಸಾಲಾಗಿ ನಿಲ್ಲಿಸಿದ್ದರು. ಡ್ರೈವರ್ ಒಬ್ಬ ಚಕ್ರದ ಮುಚ್ಚಳ ಒರೆಸುತ್ತಿದ್ದ. ಆ ಪಾಲಿಶ್ ವಾಸನೆ ಮೂಗಿಗೆ ಬಡಿದದ್ದೇ ತಡ, ಆಂಟಾಪ್ ಹಿಲ್‌ನ ನಮ್ಮ ಒಂದೇ ಕೋಣೆಯ ಖೋಲಿ ಕಣ್ಣೆದುರು ನಿಂತಿತು.

ಮಂಕಾದ ವೀಲ್ ಕ್ಯಾಪ್‌ಗಳಿಗೆ ಹೊಳಪು ಕೊಡುವುದು ಅಪ್ಪನ ಕೆಲಸ. ಸ್ಟೀಲಿಗೆ ಪಾಲಿಶ್, ನಡುವಿನ ಪ್ಲಾಸ್ಟಿಕ್ ಬಿಲ್ಲೆಗೆ ಹಲ್ಲುಜ್ಜುವ ಪೇಸ್ಟು, ಕೊನೆಗೆ ಅವ್ವನ ಹಳೆಯ ಇಳಕಲ್ ಸೀರೆಯ ತುಂಡಿನಿಂದ ಒಂದು ಕೈ. ಆದರೆ ಕೆಲಸ ಮುಗಿಯಿತೆಂದು ಹೇಳುವ ಅಧಿಕಾರ ಅವ್ವನದು. ಅವಳು ಅದರಲ್ಲಿ ಮುಖ ನೋಡಿ ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಬೊಟ್ಟಿನ ಅಂಚು ಮಸುಕಾಗಿ ಕಂಡರೆ ಅಪ್ಪ ಮತ್ತೆ ತಿಕ್ಕಲು ಕೂರುತ್ತಿದ್ದ.

ಒಮ್ಮೆ ನಾನು ಅಪ್ಪನಿಗೆ ನೆರವಾಗಲು ಹೋಗಿ, ಹಿತ್ತಾಳೆ ತಂಬಿಗೆ ಬೆಳಗುವ ಹಾಗೆ, ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಒಂದು ಕ್ಯಾಪ್ ತಿಕ್ಕಿಬಿಟ್ಟೆ. ಅದರ ಮೈತುಂಬ ಗೀರು. ಅಷ್ಟರಲ್ಲಿ ಕಾರಿನ ಮಾಲೀಕ ಬಂದ. ನಾನು ಬಾಗಿಲ ಹಿಂದೆ ಅಡಗಿದೆ.

"ಗಲತಿ ಮೇರಾ ಹೈ, ಸಾಬ್," ಎಂದು ತಪ್ಪನ್ನು ತನ್ನ ಮೇಲೆ ಹಾಕಿಕೊಂಡ ಅಪ್ಪ, ಎರಡು ದಿನದ ಗಡುವು ಕೇಳಿಕೊಂಡ. ಆಮೇಲೆ ನನ್ನನ್ನು ಕರೆದ.

"ಇದು ತಂಬಿಗಿ ಅಲ್ಲವ್ವಾ. ಬಾ, ಕುಂದ್ರು, ಕಲಿ."

ಎರಡು ದಿನ ಇಬ್ಬರೂ ತಿಕ್ಕಿದೆವು. ಮೂರನೆಯ ದಿನ ಬೆಳಿಗ್ಗೆ ಅವ್ವ ಅದರಲ್ಲಿ ಕುಂಕುಮ ಇಟ್ಟುಕೊಂಡು, "ಈಗ ಕೊಡ್ರಿ," ಅಂದಳು.

ನಿನ್ನೆ ಜನರೆಲ್ಲ ಆ ಡ್ರೈವರ್ ಒರೆಸಿದ ಕಾರಿನ ಫೋಟೋ ತೆಗೆಯುತ್ತಿದ್ದರು. ನಾನು ಬಗ್ಗಿ ಅದರ ವೀಲ್ ಕ್ಯಾಪ್‌ನಲ್ಲಿ ನನ್ನ ಬೊಟ್ಟು ನೋಡಿಕೊಂಡೆ. ಅಂಚು ಮಸುಕಾಗಿತ್ತು.

ನಮ್ಮ ಖೋಲಿಯಲ್ಲಾಗಿದ್ದರೆ ಆ ಕ್ಯಾಪ್ ಹೊಸ್ತಿಲು ದಾಟುತ್ತಿರಲಿಲ್ಲ.